ನನ್ನನ್ನು ಫ್ರಾನ್ಸಿನ ಎಸ್ತೆವೆಲ್‌ಗೆ ಕರೆದುಕೊಂಡು ಹೋದ ನನ್ನ ವಿದ್ಯಾರ್ಥಿಗಳಿಗೆ

ಮೊನ್ನೆ ಊರು ಮುಟ್ಟಿದೆ. ಸುಸ್ತು ಇನ್ನೂ ಇಳಿದಿಲ್ಲ. ಆದರೂ ಈ ನಾಲ್ಕು ಮಾತು ಬರೆಯದೆ ಸುಮ್ನೆ ಇರೋಕಾಗಲಿಲ್ಲ.

ಧಾರವಾಡದಲ್ಲಿ ಪಾಠ ಮಾಡುವಾಗ ಮೊದಲ ಮಹಾಯುದ್ಧದ ಅಧ್ಯಾಯ ಬಂದರೆ ನಾನು ಪುಸ್ತಕ ಮುಚ್ಚಿಟ್ಟು, ಬ್ರಿಟಿಷರ ವಿಮಾನ ಪಡೆಯಲ್ಲಿ ಹೋರಾಡಿದ ನಮ್ಮ ದೇಶದ ಪೈಲಟ್ ಇಂದ್ರಲಾಲ್ ರಾಯ್ ಕಥೆ ಹೇಳುತ್ತಿದ್ದೆ. ನಿಮಗೆ ಅದು ಇಷ್ಟು ವರ್ಷ ನೆನಪಿರುತ್ತದೆ ಅಂದುಕೊಂಡಿರಲಿಲ್ಲ. ಹೋದ ವರ್ಷ ಸೊಂಟದ ಆಪರೇಷನ್ ಆಗಿ ಹಾಸಿಗೆ ಹಿಡಿದಿದ್ದಾಗ ನಿಮ್ಮಲ್ಲೊಬ್ಬ ಬ್ರಸೆಲ್ಸ್‌ನಿಂದ ಫೋನ್ ಮಾಡಿದ. "ಸರ್, ಬೇಗ ನಡೆಯೋಕೆ ಶುರು ಮಾಡಿ. ಆ ಹುಡುಗನ ಸಮಾಧಿಗೆ ಹೋಗೋಣ" ಅಂದ. ಅವತ್ತಿನಿಂದ ವಾಕರ್ ಹಿಡಿದು ದಿನಾ ಅಂಗಳದಲ್ಲಿ ಹೆಜ್ಜೆ ಹಾಕಿದೆ.

ಇಂದ್ರ ಹುಟ್ಟಿದ್ದು 1898ರ ಡಿಸೆಂಬರ್ 2ರಂದು, ಕಲ್ಕತ್ತದಲ್ಲಿ. ಬೆಳೆದದ್ದು ಲಂಡನ್‌ನಲ್ಲಿ, ಓದಿದ್ದು ಸೇಂಟ್ ಪಾಲ್ಸ್ ಶಾಲೆಯಲ್ಲಿ. ತಾಯಿ ಲಲಿತಾ ರಾಯ್ ಎಂಥ ಹೆಂಗಸು ಗೊತ್ತಾ? 1911ರಲ್ಲಿ ಹೆಂಗಸರಿಗೆ ಮತದ ಹಕ್ಕು ಬೇಕೆಂದು ಲಂಡನ್ ಬೀದಿಯಲ್ಲಿ ಮೆರವಣಿಗೆ ಹೋದವರು. ಮಗನಿಗೆ ಆಗ ಹನ್ನೆರಡು ವರ್ಷ. ಅವನ ಹಟ ಎಲ್ಲಿಂದ ಬಂತು ಅಂತ ಬೇರೆ ಹುಡುಕಬೇಕಾಗಿಲ್ಲ, ಅಲ್ವಾ?

ವಿಮಾನ ಪಡೆಗೆ ಸೇರಲು ಹೋದಾಗ ಕಣ್ಣು ಸರಿಯಿಲ್ಲ ಅಂತ ವಾಪಸ್ ಕಳಿಸಿದರು. ಇಂದ್ರ ತನ್ನ ಮೋಟಾರ್ ಬೈಕ್ ಮಾರಿದ. ಆ ದುಡ್ಡಲ್ಲಿ ಲಂಡನ್ನಿನ ದೊಡ್ಡ ಕಣ್ಣಿನ ಡಾಕ್ಟರ ಹತ್ತಿರ ಮತ್ತೆ ಪರೀಕ್ಷೆ ಮಾಡಿಸಿಕೊಂಡ. ಪಾಸಾದ! ಇಷ್ಟು ಹೇಳುವಾಗ ಕೊನೇ ಬೆಂಚಿನವರೂ ತಲೆ ಎತ್ತುತ್ತಿದ್ದಿರಿ. 1917ರ ಡಿಸೆಂಬರಿನಲ್ಲಿ ಅವನ ವಿಮಾನ ನೆಲಕ್ಕಪ್ಪಳಿಸಿತು. ಸತ್ತನೆಂದು ಶವಾಗಾರದಲ್ಲಿಟ್ಟಿದ್ದರಂತೆ, ಎಚ್ಚರವಾಗಿ ಬಾಗಿಲು ಬಡಿದನಂತೆ. ಗುಣವಾಗುವವರೆಗೆ ವಿಮಾನಗಳ ಚಿತ್ರ ಬರೆಯುತ್ತಾ ಕೂತಿದ್ದ. ಮುಂದಿನ ಜುಲೈನಲ್ಲಿ ಎರಡು ವಾರದೊಳಗೆ ಶತ್ರು ವಿಮಾನಗಳ ಮೇಲೆ ಹತ್ತು ಗೆಲುವು. ಜುಲೈ 22ರಂದು ಫ್ರಾನ್ಸಿನ ಆಕಾಶದಲ್ಲೇ ಹೋಗಿಬಿಟ್ಟ. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ನಾನು ಪಾಠ ಮಾಡಿದ ಹುಡುಗರಿಗಿಂತ ಎರಡು ಮೂರು ವರ್ಷ ದೊಡ್ಡವನು, ಅಷ್ಟೇ.

ಟಿಕೆಟ್‌ಗೆ ದುಡ್ಡು ಕೂಡಿಸಿದವರಿಗೆ, ವೀಸಾ ಕಾಗದವೆಲ್ಲ ಜೋಡಿಸಿಕೊಟ್ಟವಳಿಗೆ, ದಾರಿಯುದ್ದಕ್ಕೂ ನನಗಾಗಿ ಕಾರು ನಿಲ್ಲಿಸಿದವನಿಗೆ, ಬುತ್ತಿಗೆ ಚಪಾತಿ ಮತ್ತು ಶೇಂಗಾ ಚಟ್ನಿ ಕಟ್ಟಿದ ಅವನ ಹೆಂಡತಿಗೆ ನಾನು ಋಣಿ. ಆ ಮಗಳು ಬಂಗಾಳಿ. ಅವಳು ಬರದಿದ್ದರೆ ಕಲ್ಲಿನ ಮೇಲಿನ ಅಕ್ಷರ ನನಗೆ ಬರೀ ಗೆರೆಗಳಾಗಿರುತ್ತಿದ್ದವು.

ಎಸ್ತೆವೆಲ್ ಸಣ್ಣ ಊರು. ಊರ ಸ್ಮಶಾನದಲ್ಲೇ ಅವನ ಸಮಾಧಿ. ಬಗ್ಗಿ ನೋಡೋಣ ಅಂತ ನಾನು ಕಲ್ಲಿನ ಮೇಲೆ ಕೈ ಊರಿದೆ. ಅವಳು ಬೆರಳು ತೋರಿಸುತ್ತಾ ಮೆಲ್ಲಗೆ ಓದಿ ಹೇಳಿದಳು: "ಮಹಾವೀರನ ಸಮಾಧಿ. ಗೌರವ ತೋರಿಸು, ಮುಟ್ಟಬೇಡ."

ನಾನು ತಕ್ಷಣ ಕೈ ತೆಗೆದೆ. ಕಾಲು ತಡವರಿಸಿತು. ಪಕ್ಕದಲ್ಲಿದ್ದವನು ಮಾತಾಡದೆ ಹೆಗಲು ಕೊಟ್ಟ. ತುಂಬಾ ಹೊತ್ತು ಹಾಗೇ ನಿಂತಿದ್ದೆವು.