‘ನನ್ನಂಥವರು’ ಎಂದು ಬರೆದೆಯಲ್ಲ

ದಾವಣಗೆರೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಕರ್ತನ ಕೃಪೆಯಿಂದ ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಪತ್ರ ಬಂದು ಎಂಟು ದಿನಗಳಾದವು. ಪರೀಕ್ಷೆಯ ವಿಷಯ, ಹಾಸ್ಟೆಲಿನ ಊಟದ ವಿಷಯ ಎಲ್ಲವನ್ನೂ ನಿಮ್ಮಪ್ಪನಿಗೆ ಓದಿ ಹೇಳಿದೆ. ಕೊನೆಯ ಪುಟದ ಕೆಳಗೆ ನೀನು ಬರೆದಿದ್ದ ಎರಡು ಸಾಲುಗಳನ್ನು ಮಾತ್ರ ಓದದೆ, ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡೆ. “ಈಗ ಪ್ರಾರ್ಥನಾ ಕೂಟದಲ್ಲಿ ನಾನು ಬಾಯಿ ತೆರೆಯುವುದಿಲ್ಲ ದೊಡ್ಡಪ್ಪ, ನನ್ನಂಥವರು ಸುಮ್ಮನಿರುವುದೇ ಮೇಲು” ಎಂಬ ಆ ಸಾಲುಗಳನ್ನು ನೀನು ಬರೆಯುವಾಗ ಎಷ್ಟು ಯೋಚಿಸಿದ್ದೆಯೋ ನಾನರಿಯೆ, ಆದರೆ ಅವು ನನ್ನನ್ನು ಎರಡು ರಾತ್ರಿ ಮಲಗಲು ಬಿಡಲಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ, ಹೇಳುವಷ್ಟು ಧೈರ್ಯ ಬಂದರೆ.

ನಿಮ್ಮ ಕೂಟದಲ್ಲಿ ಅನ್ಯಭಾಷೆಯಲ್ಲಿ, ಅಂದರೆ ಆತ್ಮನ ಪ್ರೇರಣೆಯಿಂದ ತಾವು ಕಲಿಯದ ಭಾಷೆಯಲ್ಲಿ, ಪ್ರಾರ್ಥಿಸುವವರು ಮುಂದೆ, ದರ್ಶನ ಕಂಡೆವೆನ್ನುವವರು ಅವರ ಪಕ್ಕದಲ್ಲಿ, ಮೂರು ದಿನ ಉಪವಾಸವಿರಬಲ್ಲವರು ಅವರ ಹಿಂದೆ, ಇದಾವುದೂ ಇಲ್ಲದವರು ಬಾಗಿಲ ಬಳಿ ಚಪ್ಪಲಿಗಳ ಪಕ್ಕದಲ್ಲಿ ಕೂರುತ್ತೀರಿ ಎಂದು ಬರೆದಿದ್ದೀಯೆ. ಹಾಗೆ ಕೂರಿಸಿದವರು ಯಾರೂ ಇಲ್ಲ, ತಾನಾಗಿಯೇ ಹಾಗಾಯಿತು ಎಂದೂ ಬರೆದಿದ್ದೀಯೆ. ನನಗೆ ಹೆಚ್ಚು ಭಯವಾದದ್ದು ಆ ‘ತಾನಾಗಿಯೇ’ ಎಂಬ ಮಾತಿಗೆ. ಯಾರಾದರೂ ಕೂರಿಸಿದ್ದರೆ ಎದ್ದು ಜಗಳವಾಡಬಹುದಿತ್ತು. ನಾವಾಗಿಯೇ ಹೋಗಿ ಕುಳಿತ ಜಾಗದಿಂದ ನಮ್ಮನ್ನು ಎಬ್ಬಿಸುವವರಾರು?

ಇದು ನಿಮ್ಮ ಹಾಸ್ಟೆಲಿನಲ್ಲಿ ಹುಟ್ಟಿದ ರೋಗವಲ್ಲ. ಅಪೊಸ್ತಲ ಪೌಲನು ಗ್ರೀಸಿನ ಕೊರಿಂಥದಲ್ಲಿ ಕಟ್ಟಿದ ಕ್ರೈಸ್ತ ಸಭೆ ಆರಂಭವಾಗಿ ಐದಾರು ವರ್ಷಗಳೂ ಆಗಿರಲಿಲ್ಲ, ಅಷ್ಟರಲ್ಲೇ ಅಲ್ಲಿ ನಾನು ಪೌಲನವನು, ನಾನು ಅಪೊಲ್ಲೋಸನವನು ಎಂಬ ಪಂಗಡಗಳಾಗಿದ್ದವು. ಆತ್ಮನು ಕೊಟ್ಟ ವರಗಳಲ್ಲಿ ಯಾರ ವರ ದೊಡ್ಡದು ಎಂಬ ಲೆಕ್ಕವೂ ನಡೆದಿತ್ತು. ಅವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯದ ಕೊನೆಯಲ್ಲಿ ಪೌಲನು ಸಾಲಾಗಿ ಪ್ರಶ್ನೆಗಳನ್ನು ಕೇಳುತ್ತಾನೆ, ಎಲ್ಲರೂ ಅಪೊಸ್ತಲರೋ, ಎಲ್ಲರೂ ಅನ್ಯಭಾಷೆಗಳನ್ನಾಡುವರೋ ಎಂದು. ಉತ್ತರವನ್ನು ಅವನು ಬರೆಯುವುದಿಲ್ಲ. ಓದಿದವರಿಗೆ ಅದು ಗೊತ್ತಿರುತ್ತದೆ. ಅವನಿಗೆ ಆ ವರವಿರಲಿಲ್ಲ, ಹೊಟ್ಟೆಕಿಚ್ಚಿಗೆ ಹೇಳಿದ ಎನ್ನಲೂ ಬರುವುದಿಲ್ಲ. ನಿಮ್ಮೆಲ್ಲರಿಗಿಂತ ಹೆಚ್ಚಾಗಿ ಭಾಷೆಗಳನ್ನಾಡುತ್ತೇನೆ ಎಂದು 14ನೆಯ ಅಧ್ಯಾಯದಲ್ಲಿ ಅವನೇ ಒಪ್ಪಿಕೊಂಡು, ಆದರೂ ಸಭೆಯಲ್ಲಿ ಹತ್ತು ಸಾವಿರ ಮಾತುಗಳಿಗಿಂತ ಇತರರಿಗೆ ತಿಳಿಯುವ ಐದೇ ಮಾತುಗಳು ತನಗೆ ಇಷ್ಟ ಎನ್ನುತ್ತಾನೆ. ಆ ವರವನ್ನು ನಾನು ಹೀಗಳೆಯುತ್ತಿದ್ದೇನೆಂದು ತಿಳಿಯಬೇಡ. ನಮ್ಮ ಪಕ್ಕದ ಬೀದಿಯಲ್ಲೇ ಹಾಗೆ ಪ್ರಾರ್ಥಿಸುವ ಮುದುಕರೊಬ್ಬರಿದ್ದಾರೆ, ಅವರ ಪ್ರಾಮಾಣಿಕತೆಯನ್ನು ನಾನು ಎಂದೂ ಶಂಕಿಸಿದವನಲ್ಲ. ನಮ್ಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಪುಣೆಯ ಹತ್ತಿರ ಕೇಡಗಾವಿನಲ್ಲಿ ನಡೆಸುತ್ತಿದ್ದ ಮುಕ್ತಿ ಮಿಷನ್ನಿನಲ್ಲಿ 1905ರಲ್ಲಿ ದೊಡ್ಡ ಆತ್ಮಿಕ ಉಜ್ಜೀವನವಾಯಿತು, ಆ ದಿನಗಳಲ್ಲಿ ಅಲ್ಲಿ ಅನ್ಯಭಾಷೆಗಳೂ ಕೇಳಿಬಂದವು. ಅಷ್ಟಾದರೂ, ಅವರ ಜೊತೆಯಲ್ಲಿ ದುಡಿದ ಮಿನ್ನಿ ಏಬ್ರಮ್ಸ್ ಅವರು ಆತ್ಮನ ಅಭಿಷೇಕಕ್ಕೆ ಭಾಷೆಯೊಂದೇ ಕಡ್ಡಾಯದ ಗುರುತು ಎಂದು ಒಪ್ಪಲಿಲ್ಲ. ಕಣ್ಣಾರೆ ಕಂಡವರೇ ಅದನ್ನು ಅಳತೆಗೋಲು ಮಾಡಿಕೊಳ್ಳದಿದ್ದಾಗ ನೀನು ಅದರಿಂದ ನಿನ್ನನ್ನು ಅಳೆದುಕೊಳ್ಳುವುದೇಕೆ?

ಬೋಧನೆ ಸಾಕು. ನನ್ನನ್ನು ಮಲಗಗೊಡದ ಸಂಗತಿಯನ್ನು ಹೇಳಬೇಕು.

ನಿನ್ನ ದೊಡ್ಡಮ್ಮ ಕುಟುಂಬ ಪ್ರಾರ್ಥನೆಯಲ್ಲಿ ಪ್ರಾರ್ಥಿಸಿದ್ದನ್ನು ನೀನು ಕೇಳಿಲ್ಲ. ಅವಳ ಸ್ವಭಾವವೇ ಮೌನವೆಂದು ನೀವೆಲ್ಲ ತಿಳಿದಿದ್ದೀರಿ, ನಾನೂ ಅದನ್ನು ತಿದ್ದಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಹಾಗಿರಲಿಲ್ಲ. ರಾತ್ರಿ ರೊಟ್ಟಿ ಬಡಿದು ಮುಗಿಸಿ, ಕೈಗಂಟಿದ ಜೋಳದ ಹಿಟ್ಟು ಪೂರ್ತಿ ಹೋಗುವ ಮುಂಚೆಯೇ ಚಾಪೆಯ ಮೇಲೆ ಬಂದು ಕುಳಿತು, ಸೆರಗು ತಲೆಗೆಳೆದುಕೊಂಡು ಶುರುಮಾಡುತ್ತಿದ್ದಳು. ಎದುರು ಮನೆಯ ಮಗುವಿನ ಜ್ವರ ಇಳಿಸಪ್ಪ ಸ್ವಾಮಿ, ಮಂಡಕ್ಕಿ ಭಟ್ಟಿಯಲ್ಲಿ ಕೈ ಸುಟ್ಟುಕೊಂಡವನ ಗಾಯ ಮಾಯಲಿ, ನಮ್ಮತ್ತೆಯ ಮಂಡಿ ನೋವು ಸ್ವಲ್ಪ ನೋಡು, ಸೊಸೈಟಿಯಲ್ಲಿ ಸೀಮೆಎಣ್ಣೆ ನಾಳೆಯಾದರೂ ಬರಲಿ. ಹೀಗೆಯೇ. ನಡುವೆ ನಿದ್ದೆ ತೂಗಿ ಬಂದರೆ ಒಂದು ಕ್ಷಣ ನಿಂತು, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು. ಮೂರು ನಿಮಿಷಗಳ ಮೇಲೆ ಹೋಗುತ್ತಿರಲಿಲ್ಲ. ಮೂರು ನಿಮಿಷ ಎಂದು ನನಗೆ ಹೇಗೆ ಗೊತ್ತೆಂದರೆ, ಕಣ್ಣು ಮುಚ್ಚಬೇಕಾದ ಹೊತ್ತಿನಲ್ಲಿ ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ.

ಆಗ ನಾನು ಸಭೆಯ ಕಮಿಟಿಯಲ್ಲಿದ್ದೆ, ಭಾನುವಾರ ಶಾಲೆಯನ್ನೂ ನಡೆಸುತ್ತಿದ್ದೆ. ಊರಿನಲ್ಲಿ ನನ್ನ ಪ್ರಾರ್ಥನೆಗೆ ಹೆಸರಿತ್ತು. ಒಮ್ಮೆ ಹೊರಗಿನಿಂದ ಬಂದ ಬೋಧಕರೊಬ್ಬರು ಸಂಸಾರಸಮೇತ ನಮ್ಮ ಮನೆಯಲ್ಲಿ ಇಳಿದುಕೊಂಡರು. ಆ ತಾಯಿ ಇಪ್ಪತ್ತು ನಿಮಿಷ ವಚನದ ಮೇಲೆ ವಚನ ಹೇಳಿ, ಕಣ್ಣೀರಿಟ್ಟು ಪ್ರಾರ್ಥಿಸಿದರು. ಅವರ ನಂತರ ನಿನ್ನ ದೊಡ್ಡಮ್ಮ ಅದೇ ಜ್ವರ, ಅದೇ ಮಂಡಿ, ಅದೇ ಸೀಮೆಎಣ್ಣೆ. ನನಗೆ ಮುಖ ಎತ್ತಲಾಗಲಿಲ್ಲ. ಅವರು ಹೋದ ಮೇಲೆ, “ಅವರನ್ನು ನೋಡಿ ಕಲಿತುಕೋ, ನಿನ್ನದು ಪ್ರಾರ್ಥನೆಯೋ ಸಂತೆಯ ಚೀಟಿಯೋ?” ಎಂದುಬಿಟ್ಟೆ. ಅವಳು ಅಳಲಿಲ್ಲ, ಎದುರಾಡಲಿಲ್ಲ. ಮಾರನೆಯ ರಾತ್ರಿ ಅವಳ ಸರದಿ ಬಂದಾಗ, “ನನ್ನಂಥವಳದು ಯಾಕೆ, ನೀವೇ ಮಾಡಿ” ಎಂದಳು.

ನಿನ್ನ ಮಾತೂ ಅದೇ, ಪುಟ್ಟಿ. ಅದಕ್ಕೇ ಕಾಗದ ಮಡಚಿ ಜೇಬಿಗಿಟ್ಟೆ.

ಅದಾದ ಮೇಲೆ ಅವಳು ತೀರಿಕೊಳ್ಳುವವರೆಗೆ, ಇಪ್ಪತ್ತಾರು ವರ್ಷ, ಅವಳು ಪ್ರಾರ್ಥಿಸುವ ಧ್ವನಿಯನ್ನು ನಾನು ಕೇಳಲಿಲ್ಲ. ಅವಳು ಪ್ರಾರ್ಥಿಸುತ್ತಿದ್ದಳೆಂಬುದು ಗೊತ್ತು, ರೊಟ್ಟಿ ಬಡಿಯುವಾಗ ತುಟಿ ಅಲುಗುತ್ತಿತ್ತು. ನಾನು ಅಡುಗೆಮನೆಯ ಬಾಗಿಲಿಗೆ ಬಂದರೆ ಅದೂ ನಿಲ್ಲುತ್ತಿತ್ತು. ಶೀಲೋವಿನ ದೇವಾಲಯದಲ್ಲಿ ಮಗುವಿಗಾಗಿ ಬೇಡುತ್ತಿದ್ದ ಹನ್ನಳ ತುಟಿ ಮಾತ್ರ ಅಲುಗುವುದನ್ನು ಕಂಡು ಯಾಜಕನಾದ ಏಲಿಯು ಅವಳು ಕುಡಿದಿದ್ದಾಳೆಂದು ಬೈದನಲ್ಲ, ಆ ಭಾಗವನ್ನು ನಾನು ಎಷ್ಟೋ ಸಲ ಭಾನುವಾರ ಶಾಲೆಯಲ್ಲಿ ಪಾಠ ಮಾಡಿದ್ದೇನೆ. ಏಲಿಯಾದರೂ ತನ್ನ ಮಾತನ್ನು ಅಂದೇ, ಅಲ್ಲೇ ಬದಲಿಸಿ, ಸಮಾಧಾನದಿಂದ ಹೋಗು ಎಂದು ಅವಳನ್ನು ಹರಸಿ ಕಳಿಸಿದ. ನಾನು ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಉಳಿದೆ. ಕೆಲವು ವರ್ಷಗಳಾದ ಮೇಲೆ ಆ ವಿಷಯ ಎತ್ತುವುದೇ ವಿಚಿತ್ರವಾಗಿ ಕಾಣತೊಡಗಿತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ ಬರಿಗಾಲಲ್ಲಿ ನಡೆದು ಹೋಗುವವರನ್ನು ಕಂಡರೆ ನನಗೆ ತಾತ್ಸಾರವಿತ್ತು; ಅವರದು ಹರಕೆಯ ಭಕ್ತಿ, ನಮ್ಮದು ವಾಕ್ಯದ ಭಕ್ತಿ ಎನ್ನುತ್ತಿದ್ದೆ. ನಿನ್ನ ದೊಡ್ಡಮ್ಮ ಒಂದು ವರ್ಷ ನೆರೆಯವಳೊಡನೆ ಬಸ್ಸಿನಲ್ಲಿ ಹೋಗಿ ಬಂದಳು. ಮರಳಿದವಳ ಮುಖದಲ್ಲಿ ಬಹಳ ದಿನಗಳಿಂದ ಕಾಣದ ಕಳೆಯಿತ್ತು. ಅಲ್ಲಿ ಎಷ್ಟು ಜನ, ಒಬ್ಬರ ಪ್ರಾರ್ಥನೆ ಒಬ್ಬರಿಗೆ ಕೇಳುವುದೇ ಇಲ್ಲ ಎಂದಳು. ಆಗ ಅದು ನನಗೆ ಅರ್ಥವಾಗಲಿಲ್ಲ.

ಮುಂದಿನ ಸಾಲಿನಲ್ಲಿ ಕೂತವರು ಸುಖವಾಗಿದ್ದಾರೆಂದು ನೀನು ಎಣಿಸಿದ್ದೀಯೆ. ನಾನು ಅಲ್ಲಿ ಬಹುಕಾಲ ಕೂತವನು, ಅದಕ್ಕೇ ಹೇಳುತ್ತೇನೆ. ಅವಳು ಬಾಯಿ ಮುಚ್ಚಿದ ನಂತರದ ಎರಡು ವರ್ಷ ನನ್ನ ಪ್ರಾರ್ಥನೆ ಪೂರ್ತಿ ಒಣಗಿಹೋಗಿತ್ತು. ಸಭೆಯಲ್ಲಿ ಎದ್ದು ನಿಂತರೆ ಮಾತು ನೀರಿನಂತೆ ಹರಿಯುತ್ತಿತ್ತು, ಮನೆಗೆ ಬಂದು ಮೊಣಕಾಲೂರಿದರೆ ಒಂದಕ್ಷರ ಹೊರಡುತ್ತಿರಲಿಲ್ಲ. ಅದನ್ನು ಸಭೆಯ ಅಯ್ಯನವರಿಗೆ ಹೇಳೋಣವೆಂದರೆ ನನ್ನ ಹೆಸರು ಅಡ್ಡ ಬರುತ್ತಿತ್ತು. ಕೆಳಗೆ ಕೂತವನು ನನಗೆ ಕಷ್ಟವಾಗಿದೆ ಎಂದು ಅಳಬಹುದು, ಮೇಲೆ ಕೂತವನಿಗೆ ಅಷ್ಟೂ ಅನುಕೂಲವಿಲ್ಲ. ಮೂರು ದಿನ ಉಪವಾಸವಿರುವ ನಿನ್ನ ಗೆಳತಿಯ ಸ್ಥಿತಿ ಹಾಗಿಲ್ಲದಿರಲಿ. ಆದರೂ ಒಮ್ಮೆ ಅವಳನ್ನು ಚಹಾಕ್ಕೆ ಕರೆದುಕೊಂಡು ಹೋಗಿ, ಕೂಟದ ಮಾತೆತ್ತದೆ ಸುಮ್ಮನೆ ಮಾತಾಡಿಸು.

ನೀನು ಏನು ಮಾಡಬೇಕೆಂದು ಹೇಳುವ ಯೋಗ್ಯತೆ ನನಗೆಷ್ಟಿದೆಯೋ ತಿಳಿಯದು. ಕೂಟವನ್ನು ಬಿಟ್ಟುಬಿಡು ಎನ್ನಲಾರೆ. ಕೆಲವು ವಾರ ಹೋಗದಿದ್ದರೂ ತಪ್ಪಲ್ಲ ಎನ್ನಬಲ್ಲೆ. ಸ್ವಾಮಿಯನ್ನು ಅರಿಯೆನೆಂದಿದ್ದ ಪೇತ್ರನಿಗೆ ಗಲಿಲಾಯ ಸಮುದ್ರದ ದಡದಲ್ಲಿ ಎಲ್ಲವೂ ಕ್ಷಮೆಯಾಗಿ, ನನ್ನ ಕುರಿಗಳನ್ನು ಮೇಯಿಸು ಎಂಬ ಅಪ್ಪಣೆಯೂ ಸಿಕ್ಕಿದ ಮರುಗಳಿಗೆಯಲ್ಲೇ ಅವನು ಹಿಂತಿರುಗಿ ಯೋಹಾನನನ್ನು ನೋಡಿ, ಇವನ ಸಂಗತಿ ಏನು ಎಂದು ಕೇಳಿದ. ಅದು ನಿನಗೇಕೆ ಎಂದು ಸ್ವಾಮಿ ಹೇಳಿದ್ದು ಗದರಿಕೆಯೆಂದು ನಾನು ಮೊದಲು ಬೋಧಿಸುತ್ತಿದ್ದೆ. ಈಗ ಅದು ಬಿಡುಗಡೆಯ ಮಾತಾಗಿ ಕೇಳಿಸುತ್ತದೆ. ಮತ್ತೊಬ್ಬರ ಲೆಕ್ಕವನ್ನು ಹೊರುವ ಕೆಲಸ ಪೇತ್ರನಿಗಿಲ್ಲವಲ್ಲ. ಸಾಧ್ಯವಾದರೆ ಹಾಸ್ಟೆಲಿನ ಮಹಡಿಯ ಮೇಲೆ, ಬಟ್ಟೆ ಒಣಹಾಕಲು ಹೋದಾಗ, ಯಾರೂ ಇಲ್ಲದಿರುವಾಗ ಎರಡು ಮಾತು ಗಟ್ಟಿಯಾಗಿ ಆಡು. ಗಟ್ಟಿಯಾಗಿ ಎಂದದ್ದು ಕಾರಣವಿಟ್ಟು: ನಿನ್ನ ಧ್ವನಿ ನಿನಗೇ ಮರೆತುಹೋಗಬಾರದು. ಮಾತೇ ಹೊರಡದ ದಿನ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದ 26ನೆಯ ವಚನ ನೋಡು. ಹೇಗೆ ಪ್ರಾರ್ಥಿಸಬೇಕೆಂಬುದು ನಮಗೆ ಗೊತ್ತಿಲ್ಲ ಎಂದು ಅಲ್ಲಿ ಪೌಲನು ತನ್ನನ್ನೂ ಸೇರಿಸಿಕೊಂಡೇ ಬರೆದಿದ್ದಾನೆ.

ಈ ಪತ್ರವನ್ನು ನಿಮ್ಮಪ್ಪನಿಗೆ ತೋರಿಸಿಲ್ಲ. ದೊಡ್ಡಮ್ಮನ ವಿಷಯ ಅವನಿಗೂ ತಿಳಿಯದು. ನೀನು ಹೇಳಿದರೆ ನನ್ನ ಆಕ್ಷೇಪವಿಲ್ಲ.

ಕ್ರಿಸ್‌ಮಸ್ಸಿಗೆ ಬರುವಾಗ ಯಾವ ರೈಲು ಎಂಬುದನ್ನು ಮುಂಚೆಯೇ ಬರೆ, ಸ್ಟೇಷನ್ನಿಗೆ ನಾನೇ ಬರುತ್ತೇನೆ. ಆ ದಿನಗಳ ರಾತ್ರಿಯ ಪ್ರಾರ್ಥನೆಯನ್ನು ನಿನಗೆ ಬಿಡಬೇಕೆಂದಿದ್ದೇನೆ. ಬೇಡವೆನಿಸಿದರೆ ಬೇಡ, ಒತ್ತಾಯವಿಲ್ಲ. ಮಾಡುವುದಾದರೆ, ಎದುರು ಮನೆಯಲ್ಲಿ ಈಗ ಇರುವವರಿಗೆ ಮೊನ್ನೆ ಕಾಲು ಮುರಿದಿದೆ, ನನಗೂ ಮಂಡಿ ನೋವು ಶುರುವಾಗಿದೆ, ಅವುಗಳಿಂದಲೇ ಆರಂಭಿಸಬಹುದು.

ಇಂತು ನಿನ್ನ ದೊಡ್ಡಪ್ಪ