ಕಂಪ್ಯೂಟರ್ ಜೋಡಿಸುವವರೇ ‘ಸ್ಲೀಪ್’ ಹೊಂದಿಸಿಕೊಡಲಿ

ಮಾನ್ಯ ಸಂಪಾದಕರೇ,

ಮಕ್ಕಳ ಓದಿಗೆಂದು ಬಾಗಲಕೋಟೆಯ ಅನೇಕ ಮನೆಗಳಿಗೆ ಡೆಸ್ಕ್‌ಟಾಪ್ ಕಂಪ್ಯೂಟರ್ ಬಂದಿದೆಯಾದರೂ, ಜೋಡಿಸಿಕೊಡುವವರು ಅದರ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಕಡೆಗೆ ಗಮನ ಕೊಡುವುದು ಕಡಿಮೆ. ನಮ್ಮ ಮನೆಯ ಯಂತ್ರದಲ್ಲಿ ಬಳಸದೆ ಬಿಟ್ಟ ಯಂತ್ರವನ್ನು ತಾನಾಗಿ ಮಲಗಿಸುವ ‘ಸ್ಲೀಪ್’ ಎದುರಿಗೆ ‘ನೆವರ್’ (ಎಂದಿಗೂ ಬೇಡ) ಎಂದೇ ಇಟ್ಟು ಹೋಗಿದ್ದರು. ‘ಕಂಪ್ಯೂಟರ್ ತಾನಾಗಿಯೇ ಬಂದ್ ಆಗುತ್ತದೆ’ ಎಂಬ ದೂರು ಬರದಿರಲಿ ಎಂಬುದು ಅವರ ಲೆಕ್ಕಾಚಾರವಿರಬೇಕು.

ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಮೀಟರಿನಲ್ಲಿ ಅಳೆದು ನೋಡಿದೆ. ಯಾರೂ ಮುಟ್ಟದೆ ಸುಮ್ಮನೆ ಚಾಲೂ ಇದ್ದ ಆ ಕಂಪ್ಯೂಟರ್ ಪರದೆಯೂ ಸೇರಿ 80 ವ್ಯಾಟ್ ಎಳೆಯುತ್ತಿತ್ತು, ಸ್ಲೀಪ್‌ಗೆ ಹೋದಾಗ 3 ವ್ಯಾಟ್‌ಗೆ ಇಳಿಯಿತು. ದಿನಕ್ಕೆ 6 ತಾಸು ಹೀಗೇ ಬಿಟ್ಟರೆ ತಿಂಗಳಿಗೆ 14 ಯೂನಿಟ್‌ಗೂ ಹೆಚ್ಚು ಖರ್ಚು. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೆ ನಿಗದಿಯಾದ ಮಿತಿಯನ್ನು ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕು; ಬೇಸಿಗೆಯಲ್ಲಿ ಕೂಲರ್ ಓಡಿಸಿ ಆ ಅಂಚಿಗೆ ಬಂದು ನಿಲ್ಲುವ ಮನೆಗಳಿಗೆ 14 ಯೂನಿಟ್ ಸಣ್ಣ ಮಾತಲ್ಲ.

ಪರದೆಯ ಮೇಲೆ ಮೀನು ಈಜಾಡುವ ಸ್ಕ್ರೀನ್ ಸೇವರ್ ಹಾಕಿಕೊಂಡು ಉಳಿತಾಯವಾಯಿತೆಂದು ತಿಳಿದವರಿದ್ದಾರೆ. ಅದು ಹಳೆಯ ಡಬ್ಬಿ ಮಾನಿಟರ್‌ಗಳ ಮೇಲೆ ಒಂದೇ ಚಿತ್ರದ ಅಚ್ಚು ಉಳಿಯದಂತೆ ಮಾಡಿದ್ದ ಉಪಾಯವೇ ಹೊರತು ವಿದ್ಯುತ್ ಉಳಿಸುವ ವ್ಯವಸ್ಥೆಯಲ್ಲ.

ಸ್ಲೀಪ್‌ನಲ್ಲಿ ನಾವು ತೆರೆದಿಟ್ಟ ಕೆಲಸವೆಲ್ಲ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿ ಉಳಿದಿರುತ್ತದೆ; ರ‍್ಯಾಮ್‌ಗೆ ಸದಾ ಅಲ್ಪ ವಿದ್ಯುತ್ ಬೇಕಾದ್ದರಿಂದ, ಯುಪಿಎಸ್ ಇಲ್ಲದ ಮನೆಯಲ್ಲಿ ಕರೆಂಟ್ ಹೋದರೆ ಉಳಿಸದ ಬರಹ ಹೋದಂತೆಯೇ. ಹೇಳದೆ ಕೇಳದೆ ಕರೆಂಟ್ ಹೋಗುವ ನಮ್ಮ ಕಡೆ ಜನ ಸ್ಲೀಪ್‌ಗೆ ಹೆದರುವುದರಲ್ಲಿ ತಪ್ಪೇನೂ ಇಲ್ಲ. ಅಂಥವರು ‘ಹೈಬರ್ನೇಟ್’ ಬಳಸಬಹುದು. ಅದು ಎಲ್ಲವನ್ನೂ ಡಿಸ್ಕಿಗೆ ಬರೆದಿಟ್ಟು ಯಂತ್ರವನ್ನು ಆರಿಸುತ್ತದೆ. ಎದ್ದೇಳಲು ತುಸು ಹೆಚ್ಚು ಹೊತ್ತು ಬೇಕು, ಅಷ್ಟೆ. ವಿಂಡೋಸ್‌ನ ಆರಿಸುವ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಷನ್ಸ್’ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕೆಂದು ಕೇಳುವ ಪುಟದಲ್ಲಿ ಅದಕ್ಕೆ ಗುರುತು ಹಾಕಬೇಕಾಗುತ್ತದೆ. ಕೆಲವು ಡೆಸ್ಕ್‌ಟಾಪ್‌ಗಳಲ್ಲಿರುವ ‘ಹೈಬ್ರಿಡ್ ಸ್ಲೀಪ್’ ಈ ಎರಡನ್ನೂ ಕೂಡಿಸಿದ್ದು.

ಇದನ್ನೆಲ್ಲ ಗ್ರಾಹಕರೇ ಹುಡುಕಿಕೊಳ್ಳಲಿ ಎನ್ನುವುದು ಸರಿಯಲ್ಲ. ನಗರದ ಕಂಪ್ಯೂಟರ್ ಅಂಗಡಿಗಳವರು ಯಂತ್ರವನ್ನು ಮನೆಗೆ ಕಳಿಸುವ ಮುನ್ನವೇ ಪರದೆ 10 ನಿಮಿಷಕ್ಕೆ, ಯಂತ್ರ 30 ನಿಮಿಷಕ್ಕೆ ಮಲಗುವಂತೆ ಹೊಂದಿಸಿ, ಮೌಸ್ ಅಲುಗಿಸಿದರೆ ಅಥವಾ ಕೀಲಿ ಒತ್ತಿದರೆ ಅದು ಎಚ್ಚರಗೊಳ್ಳುವುದನ್ನು ಮನೆಯವರಿಗೆ ಒಮ್ಮೆ ತೋರಿಸಿಕೊಡಬೇಕೆಂದು ಈ ಮೂಲಕ ವಿನಂತಿಸುತ್ತೇನೆ.

– ಓರ್ವ ನಿವೃತ್ತ ಶಿಕ್ಷಕ, ನವನಗರ, ಬಾಗಲಕೋಟೆ