ಪಿಕಪ್ ರಿಪೇರಿನಾ, ಗುಜರಿಗಾ?
ಎಲ್ಲರಿಗೂ ನಮಸ್ಕಾರ. ನಮ್ಮ ಮೀನಿನ ಪಿಕಪ್ ವಿಷಯ ಈ ವಾರವೇ ತೀರ್ಮಾನ ಆಗಬೇಕು. ಇಂಜಿನ್ ಗಟ್ಟಿಯಾಗಿದೆ. ತೊಂದರೆ ಇರುವುದು ಕೆಳಗೆ. ಮಲ್ಪೆಯಿಂದ ಬರುವಾಗ ಮೀನಿನ ಬಾಕ್ಸ್‌ಗಳಿಂದ ಸೋರಿದ ಉಪ್ಪುನೀರೆಲ್ಲ ಚಾಸಿ (ಗಾಡಿಯ ಭಾರ ಹೊರುವ ಕೆಳಗಿನ ಚೌಕಟ್ಟು) ಮೇಲೇ ಇಳಿದಿದೆ. ಹಿಂದಿನ ಸ್ಪ್ರಿಂಗ್ ಹತ್ತಿರ ಸ್ಕ್ರೂಡ್ರೈವರ್‌ನಿಂದ ಚುಚ್ಚಿದರೆ ತುಕ್ಕು ಹಪ್ಪಳದ ಹಾಗೆ ಉದುರುತ್ತದೆ. ಹಿಂಭಾಗದ ತಗಡು ಹೊಸದು ಹಾಕಿಸಬಹುದು, ಅದೇನು ದೊಡ್ಡದಲ್ಲ. ಆದರೆ ಚಾಸಿಯನ್ನೇ ತುಕ್ಕು ತಿಂದಿದ್ದರೆ ಮೇಲೆ ವೆಲ್ಡಿಂಗ್ ಮಾಡಿಸಿ ಪೇಂಟ್ ಬಳಿಯುವುದು ಸುಮ್ನೆ ದುಡ್ಡು ದಂಡ, ಅಲ್ವಾ? ಗಾಡಿಗೆ 8 ವರ್ಷ ದಾಟಿದೆ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಆಗಬೇಕು.

ಭಾನುವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ, ಸುತ್ತಿಗೆಯಿಂದ ತಟ್ಟಿ ನೋಡೋಣ. ಠಣ್ ಅಂದರೆ ರಿಪೇರಿ, ಡಬ್ ಅಂದರೆ ಗುಜರಿ ಅನ್ನೋದು ನನ್ನ ಅಭಿಪ್ರಾಯ. ಪಾಲುದಾರರೆಲ್ಲ ಬನ್ನಿ. ಬರಲಾಗದವರು ಶನಿವಾರದೊಳಗೆ ಇಲ್ಲೇ ತಿಳಿಸಿ. ಅಲ್ಲಿವರೆಗೆ ದಯವಿಟ್ಟು ಯಾರೂ ಲೋಡ್ ಹಾಕಬೇಡಿ.